ಐರ್ಲೆಂಡಿನಲ್ಲಿ ನಾನು ಸನ್ಯಾಸಿನಿಯಾದದ್ದು

ಐರ್ಲೆಂಡಿಗೆ ಹೋದವರು ಹಸಿರು ಗುಡ್ಡ, ಕಡಲ ದಂಡೆಯ ಬಂಡೆ, ಕುರಿಮಂದೆ ಎಲ್ಲ ನೋಡಿ ಬಂದು ಫೋಟೋ ತೋರಿಸುತ್ತಾರೆ. ನಾನು ಹೋಗಿ ಕ್ಯಾಥೊಲಿಕ್ ಸನ್ಯಾಸಿನಿಯಾಗಿ ಬಂದೆ. ಫೋಟೋ ಇದೆ, ತೋರಿಸುವುದಿಲ್ಲ. ಹಣೆಗೆ ಬಿಳಿ ಪಟ್ಟಿ ಬಿಗಿದುಕೊಂಡು, ಕಪ್ಪು ಮುಸುಕು ಹೊದ್ದು, ಕೊರಳಿಗೆ ಶಿಲುಬೆ ಹಾಕಿಕೊಂಡಿರುವ ನನ್ನನ್ನು ಕಂಡರೆ ಒಂಟಿಕೊಪ್ಪಲಿನ ನಮ್ಮ ಭಜನಾ ಮಂಡಳಿಯವರು ನನ್ನ ಹೆಸರಿನಲ್ಲಿ ಶಾಂತಿ ಹೋಮ ಮಾಡಿಸಿಯಾರು.

ನನ್ನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿವೃತ್ತಳಾಗುವ ತನಕ ನಾನು ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಮುಖ ಕಾಣದ ಜನರ ದನಿ ಕೇಳಿಯೇ ಜೀವನ ಕಳೆದೆ. ಆ ಕಡೆಯವರು ‘ಹೂಂ’ ಎಂದರೆ ಅದು ಹೌದು ಎಂಬ ಹೂಂ ಆಗಿದೆಯೋ, ಫೋನು ಇಡಮ್ಮ ತಾಯಿ ಎಂಬ ಹೂಂ ಆಗಿದೆಯೋ ಹೇಳಬಲ್ಲೆ ಎಂದು ನನಗೆ ಬಹಳ ಜಂಬವಿತ್ತು. ಆ ಜಂಬ ಕಾರ್ಕ್ ಸೀಮೆಯ ಒಂದು ಚಿಕ್ಕ ಊರಿನಲ್ಲಿ ಮಣ್ಣುಮುಕ್ಕಿತು. ಊರಿನ ಹೆಸರು ಹೇಳುವುದಿಲ್ಲ. ನಾನು ಬಂದುಬಿಟ್ಟೆ, ನನ್ನ ತಂಗಿಯ ಮಗಳು ರಶ್ಮಿ ಇನ್ನೂ ಅಲ್ಲೇ ಬಾಳಬೇಕು.

ಡಬ್ಲಿನ್ ವಿಮಾನ ನಿಲ್ದಾಣ

ಪಾಸ್‌ಪೋರ್ಟ್ ನೋಡುವ ಕೆಂಪು ಗಡ್ಡದ ಹುಡುಗ ಯಾಕೆ ಬಂದಿರಿ ಎಂದು ಕೇಳಿದ. ತಂಗಿಯ ಮಗಳನ್ನು ನೋಡಲು ಎಂದೆ. ‘ಗ್ರ್ಯಾಂಡ್’ ಎಂದ. ವಾಪಸ್ ಹೋಗುವ ಟಿಕೆಟ್ ತೋರಿಸಿದೆ. ಅದಕ್ಕೂ ‘ಗ್ರ್ಯಾಂಡ್’. ನನ್ನ ಪ್ರಯಾಣದಲ್ಲಿ ಇಷ್ಟೊಂದು ವೈಭವ ಏನು ಕಂಡನಪ್ಪ ಎಂದು ಉಬ್ಬಿ ಹೋದೆ.

ಆಮೇಲೆ ಗೊತ್ತಾಯಿತು, ಆ ದೇಶದಲ್ಲಿ ಎಲ್ಲವೂ ಗ್ರ್ಯಾಂಡ್. ಸಕ್ಕರೆಯಿಲ್ಲದ ಚಹಾ ಗ್ರ್ಯಾಂಡ್, ಕೊಡೆಯನ್ನು ಕಿತ್ತುಕೊಂಡು ಹೋಗುವ ಗಾಳಿ ಗ್ರ್ಯಾಂಡ್, ಕಾಲು ಮುರಿದುಕೊಂಡು ಮಲಗಿದವನನ್ನು ಹೇಗಿದ್ದೀಯ ಎಂದರೆ ಅವನೂ ಗ್ರ್ಯಾಂಡ್. ನಮ್ಮ ಕಡೆ ‘ಪರವಾಗಿಲ್ಲ’ ಎನ್ನುತ್ತೇವಲ್ಲ, ಅದಕ್ಕೆ ಇವರು ಜರತಾರಿ ಸೀರೆ ಉಡಿಸಿದ್ದಾರೆ, ಅಷ್ಟೇ. ರಶ್ಮಿಯ ಬಾಯಲ್ಲೂ ಅದೇ. ಕಾರಿನಲ್ಲಿ ಕೂರಿಸಿಕೊಂಡು, “ದೊಡ್ಡಮ್ಮ, ಸೀಟ್ ಬೆಲ್ಟ್ ಹಾಕ್ಕೊಂಡ್ರಾ? ಗ್ರ್ಯಾಂಡ್. ಇನ್ನು ಮಲ್ಕೊಳಿ, ಕಾರ್ಕ್ ದೂರ ಐತೆ,” ಎಂದಳು.

ರಶ್ಮಿ ಲಿಟಲ್ ಐಲ್ಯಾಂಡಿನ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದಾಳೆ. ಅವಳ ಗಂಡ ಪ್ರವೀಣ ಹಾಲಿಹಿಲ್‌ನ ದೊಡ್ಡ ಕಂಪನಿಯಲ್ಲಿ. ಕಾರ್ಕ್ ಪೇಟೆಯಲ್ಲಿ ಬಾಡಿಗೆ ಮನೆ ಸಿಗದೆ, ಅಲೆದು ಅಲೆದು, ಕೊನೆಗೆ ಈ ಚಿಕ್ಕ ಊರಿನಲ್ಲಿ ಒಂದು ಸಿಕ್ಕಿತಂತೆ. ಮನೆ ನೋಡಲು ಹೋದಾಗಲೆಲ್ಲ ಫೋನಿನಲ್ಲಿ ಖಾಲಿಯಿದ್ದ ಮನೆ ಇವರ ಮುಖ ಕಂಡ ಕೂಡಲೇ ಭರ್ತಿಯಾಗಿಬಿಡುತ್ತಿತ್ತಂತೆ. ಇದನ್ನು ಪ್ರವೀಣ ನಗುನಗುತ್ತಲೇ ಹೇಳಿದ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ಯಾರಿಷ್ ಹಾಲ್

ಎಲ್ಲರೂ ಕೆಲಸಕ್ಕೆ ಹೋದ ಮೇಲೆ ನಾನೂ ಗೋಡೆಯೂ ಮುಖ ಮುಖ ನೋಡಿಕೊಂಡು ಕೂರಬೇಕು. ಅದಕ್ಕೇ ರಶ್ಮಿ ನನ್ನನ್ನು ಚರ್ಚಿನ ಪಕ್ಕದ ಹಾಲಿನಲ್ಲಿ ವಯಸ್ಸಾದವರು ಸೇರಿ ಚಹಾ ಕುಡಿಯುವ ಕೂಟಕ್ಕೆ ಬಿಟ್ಟು ಹೋದಳು. ಅಲ್ಲಿ ಸಿಕ್ಕಿದವರೇ ಸಿಸ್ಟರ್ ಬ್ರೀಡ. ಎಂಬತ್ತು ದಾಟಿದ ಸನ್ಯಾಸಿನಿ. ಆ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಉಳಿದರ್ಧಕ್ಕೆ ಕಿವಿ ಹಿಂಡಿದವರು. ಗುಡ್ಡದ ಮೇಲಿನ ಕಾನ್ವೆಂಟಿನ ಕೊನೆಯ ನಿವಾಸಿ. ನಮ್ಮಲ್ಲಿ ಕಾನ್ವೆಂಟ್ ಎಂದರೆ ಮಕ್ಕಳಿಗೆ ಟೈ ಕಟ್ಟಿಸಿ ಅಪ್ಪಂದಿರ ಜೇಬು ಖಾಲಿ ಮಾಡುವ ಶಾಲೆ. ಅಲ್ಲಿ ಅದು ಸನ್ಯಾಸಿನಿಯರ ಮಠ. ಮಠಕ್ಕೆ ಸೇರಲು ಹೊಸ ಹುಡುಗಿಯರೇ ಇಲ್ಲದೆ ಬೀಗ ಬಿತ್ತು. ಸಿಸ್ಟರನ್ನು ವೃದ್ಧರ ನರ್ಸಿಂಗ್ ಹೋಮಿಗೆ ಸೇರಿಸಿದರು.

ಮಾತಿಗೆ ಮಾತು ಬೆಳೆದು, ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ಹವ್ಯಾಸಿ ನಾಟಕ ಆಡುತ್ತಿದ್ದೆ ಎಂದು ಕೊಚ್ಚಿಕೊಂಡೆ. ಗುರುವಾರ ಇಲ್ಲೇ ನಮ್ಮ ನಾಟಕದ ತಾಲೀಮಿದೆ ಎಂದರು ಸಿಸ್ಟರ್. ಎದ್ದು ಹೊರಡುವಾಗ ನಮ್ಮ ಅಭ್ಯಾಸದಂತೆ “ಐ ವಿಲ್ ಕಮ್” ಎಂದು ಕೈ ಮುಗಿದೆ. ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂದು ಚಿಕ್ಕಂದಿನಲ್ಲಿ ಅಜ್ಜಿ ಬಾಯಿಗೆ ಬಡಿದು ಕಲಿಸಿದ್ದಲ್ಲವೇ? ಸಿಸ್ಟರ್ ಬ್ರೀಡ “ಗ್ರ್ಯಾಂಡ್” ಎಂದರು.

ಗುರುವಾರ ಸಂಜೆ ಮನೆ ಮುಂದೆ ಕಾರಿನ ಹಾರನ್. ಸಿಸ್ಟರ್ ಮುಂದಿನ ಸೀಟಿನಲ್ಲಿ ಕೂತಿದ್ದಾರೆ. “ಎಲ್ಲಿ ಹೋದೆ ಮಾರಾಯ್ತಿ? ತಾಲೀಮಿಗೆ ಬರ್ತೀನಿ ಅಂದೆಯಲ್ಲ!” ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ, ದನಿಯಲ್ಲಿದ್ದ ಸಲುಗೆ ಮಾತ್ರ ಹೀಗೆಯೇ ಇತ್ತು. ಬರ್ತೀನಿ ಎಂದರೆ ಹೋಗ್ತೀನಿ ಎಂದರ್ಥ ಎಂದು ವಿವರಿಸಲು ಹೊರಟೆ. “ಅದು ಹೇಗಮ್ಮ?” ಎಂದರು. ನಿಜ, ಅದು ಹೇಗೆ? ಬಾಯಿ ಮುಚ್ಚಿಕೊಂಡು ಕಾರು ಹತ್ತಿದೆ.

ನಾಟಕ ಸಿಸ್ಟರ್ ಅವರದೇ ರಚನೆ. ಮಹಾಯುದ್ಧದ ಕಾಲ, ಇಟಲಿಯ ಒಂದು ಮಠ. ನಾಜಿ ಸೈನಿಕರು ಯಹೂದಿಗಳನ್ನು ಮನೆ ಮನೆ ಹುಡುಕಿ ಎಳೆದೊಯ್ಯುತ್ತಿದ್ದಾರೆ. ಪಾದ್ರಿಗಳೂ ಸನ್ಯಾಸಿನಿಯರೂ ಆ ಜನರನ್ನು ಮಠದ ನೆಲಮಾಳಿಗೆಯಲ್ಲಿ, ದ್ರಾಕ್ಷಾರಸದ ಪೀಪಾಯಿಗಳ ಹಿಂದೆ ಬಚ್ಚಿಡುತ್ತಾರೆ. ನನ್ನದು ಬಾಗಿಲು ತೆರೆಯುವ ಸಿಸ್ಟರ್ ಅಗಾಥಾಳ ಪಾತ್ರ. ಒಂದೇ ಮಾತು: “ಫಾದರ್, ಬಾಗಿಲಲ್ಲಿ ಯಾರೋ ಬಂದಿದ್ದಾರೆ.” ನನ್ನ ಮೈಬಣ್ಣದ ಸನ್ಯಾಸಿನಿ ಆ ಕಾಲದ ಇಟಲಿಯಲ್ಲಿ ಎಲ್ಲಿದ್ದಳು ಎಂದು ಯಾರೋ ರಾಗ ಎಳೆದರು. “ಇಟಲಿಯಲ್ಲಿ ಬಿಸಿಲು ಜಾಸ್ತಿ,” ಎಂದು ಸಿಸ್ಟರ್ ಮಾತು ಮುಗಿಸಿದರು.

ತಾಲೀಮು ಎಂದರೆ ಮುಖ್ಯವಾಗಿ ಚಹಾ, ಬಿಸ್ಕತ್ತು ಮತ್ತು ಬಾರದವರ ಬಗ್ಗೆ ಮಾತು. ಇದರಲ್ಲಿ ಮೈಸೂರಿಗೂ ಅವರಿಗೂ ವ್ಯತ್ಯಾಸ ಕಾಣಲಿಲ್ಲ, ಉಪ್ಪಿಟ್ಟು ಇರಲಿಲ್ಲ ಎಂಬುದನ್ನು ಬಿಟ್ಟರೆ. ಜರ್ಮನ್ ಅಧಿಕಾರಿಯ ಪಾತ್ರ ಊರಿನ ಮಾಂಸದಂಗಡಿಯವನದು. ಆಳೇನೋ ಬಾಗಿಲಿನಷ್ಟೇ ಅಗಲ. ಆದರೆ ಐರಿಶ್ ಜನಕ್ಕೆ ಎದುರಿಗೆ ಮನುಷ್ಯ ಕಂಡರೆ ಸಾಕು, ‘ಸಾರಿ’ ಬಂದುಬಿಡುತ್ತದೆ. ಆತ ಬೂಟುಗಾಲಿನಲ್ಲಿ ಬಾಗಿಲು ಒದ್ದು ಒಳಗೆ ನುಗ್ಗಿ, ಬಂದೂಕು ಎತ್ತಿ, ನನಗೆ “ಸಾರಿ” ಎನ್ನುತ್ತಿದ್ದ. ಎಷ್ಟು ತಿದ್ದಿದರೂ ಆ ನಾಜಿಯ ವಿನಯ ಹೋಗಲಿಲ್ಲ.

ಮುಖ್ಯ ಪಾದ್ರಿಯ ಪಾತ್ರ ಡೋನಲ್‌ನದು. ಡೋನಲ್ ಆ ಊರಿನ ಆಕ್ಷನಿಯರ್. ಅಲ್ಲಿ ಆಕ್ಷನಿಯರ್ ಎಂದರೆ ಹರಾಜು ಕೂಗುವವನಲ್ಲ, ನಮ್ಮ ಸೈಟು ಮನೆ ಬ್ರೋಕರು. ಬೆಳ್ಳಿ ಕೂದಲು, ಗುಡಿಯ ಗಂಟೆಯಂಥ ಕಂಠ. ಎರಡನೆಯ ಅಂಕದಲ್ಲಿ ಗಂಟುಮೂಟೆ ಹೊತ್ತು ಒಬ್ಬ ಯಹೂದಿ ಹೆಂಗಸು ಬಾಗಿಲಿಗೆ ಬರುತ್ತಾಳೆ. ಆಗ ಆತ ಎರಡೂ ಕೈ ಚಾಚಿ, “ಒಳಗೆ ಬಾ ತಾಯಿ, ಈ ಬಾಗಿಲು ಯಾರಿಗೂ ಮುಚ್ಚಿದ್ದಿಲ್ಲ. ಜಾಗವಿಲ್ಲದಿದ್ದರೆ ನನ್ನ ಮಂಚವಿದೆ,” ಎನ್ನಬೇಕು. ಎನ್ನುವಾಗ ಕಣ್ಣಿನಿಂದ ನಿಜವಾದ ನೀರು ಬರುತ್ತಿತ್ತು. ಮೊದಲ ಸಲ ಕೇಳಿ ನಾನೂ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಆ ಹೆಂಗಸಿನ ಪಾತ್ರ ಅಮಲ್‌ಳದು. ಸುಡಾನಿನ ಯುದ್ಧ ತಪ್ಪಿಸಿಕೊಂಡು ಬಂದವಳು. ತನ್ನೂರಿನಲ್ಲಿ ಮೇಡಮ್ ಆಗಿದ್ದಳಂತೆ, ಹೈಸ್ಕೂಲ್ ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದಳಂತೆ. ಈಗ ನರ್ಸಿಂಗ್ ಹೋಮಿನಲ್ಲಿ ಸಿಸ್ಟರ್ ಬ್ರೀಡಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು, ಬೈಸಿಕೊಳ್ಳುವುದು ಅವಳ ಕೆಲಸ. ಅವಳನ್ನು ನಾಟಕಕ್ಕೆ ಎಳೆದು ತಂದವರೂ ಸಿಸ್ಟರೇ. ಅವಳಿಗೆ ಮಾತು ಬೇಡ ಎಂದವನು ಡೋನಲ್. “ಮುಖವೇ ಸಾಕು. ನಿಜವಾದವಳೇ ಸಿಕ್ಕಿರುವಾಗ ಮಾತೇಕೆ?” ಎಂದು ಅವಳ ಎದುರಿಗೇ, ಅವಳನ್ನು ಹೊಗಳುತ್ತಿರುವ ಧಾಟಿಯಲ್ಲಿ ಹೇಳಿದ. ಇನ್ನೂ ನಿಧಾನ ನಡಿ, ದುಃಖ ಕಾಣಲಿ ಎಂದು ಬೇರೆ ಹೇಳಿಕೊಟ್ಟ. ಅಮಲ್ ನನ್ನ ಪಕ್ಕ ಬಂದು ಕೂತು, “ಖಾಲ್ತಿ, ನಾನು ಮನೆ ಬಿಟ್ಟು ಬರುವಾಗ ಇಷ್ಟು ನಿಧಾನ ನಡೆದಿದ್ದರೆ ಇಲ್ಲಿಗೆ ತಲುಪುತ್ತಲೇ ಇರಲಿಲ್ಲ,” ಎಂದಳು. ಖಾಲ್ತಿ ಎಂದರೆ ಅವರ ಭಾಷೆಯಲ್ಲಿ ತಾಯಿಯ ಅಕ್ಕನೋ ತಂಗಿಯೋ. ಹೀಗೆ ಆ ಊರಿನಲ್ಲಿ ನಾನು ಇಬ್ಬರಿಗೆ ದೊಡ್ಡಮ್ಮನಾದೆ.

ಸೂಪರ್‌ಮಾರ್ಕೆಟ್ ಬಾಗಿಲು

ಭಾನುವಾರ ಹಾಲು ಮೊಸರು ತರಲು ಹೋದರೆ ಅಂಗಡಿಯ ಬಾಗಿಲಲ್ಲಿ ಡೋನಲ್ ಮೇಜು ಹಾಕಿಕೊಂಡು ನಿಂತಿದ್ದಾನೆ. ‘ನಮ್ಮ ಕಾನ್ವೆಂಟ್ ಉಳಿಸಿ’ ಎಂದು ಬೋರ್ಡು. ಪಾಪ, ಸಿಸ್ಟರ್ ಅವರ ಮಠ ಅಲ್ಲವೇ ಎಂದು ನಾನೇ ಮುಂದೆ ಬಿದ್ದು ಪೆನ್ನು ಎತ್ತಿಕೊಂಡೆ. ಸುಮ್ಮನೆ ಮಾತಿಗೆ, “ಯಾರಿಂದ ಉಳಿಸಬೇಕು?” ಎಂದು ಕೇಳಿದೆ.

“ಸರ್ಕಾರ ಅದನ್ನು ನಿರಾಶ್ರಿತರಿಗೆ ಕೊಡುತ್ತಂತೆ,” ಎಂದ ಡೋನಲ್. “ಊರಾಚೆ ಹಳೇ ಹೋಟೆಲಿನಲ್ಲಿ ಆಗಲೇ ಒಂದು ಹಾಸ್ಟೆಲ್ ಇದೆ. ನಾವು ಯಾರ ವಿರುದ್ಧವೂ ಇಲ್ಲ. ಆದರೆ...”

ಆ ‘ಆದರೆ’ ಆದ ಮೇಲೆ ಬಂದದ್ದೆಲ್ಲ ನನಗೆ ಬಾಯಿಪಾಠ. ಊರು ಚಿಕ್ಕದು, ಡಾಕ್ಟರು ಒಬ್ಬರೇ, ಮಕ್ಕಳು ಓಡಾಡುವ ರಸ್ತೆ. ಮೈಸೂರಿನ ನಮ್ಮ ಬೀದಿಯ ರಾಯರೂ ಹೀಗೆಯೇ. ‘ನಮಗೇನೂ ಭೇದವಿಲ್ಲಮ್ಮ, ಆದರೆ’ ಎಂದು ಶುರುಮಾಡಿ, ಬಾಡಿಗೆಗೆ ಬಂದ ಹುಡುಗನ ಹೆಸರು ಇಮ್ರಾನ್ ಎಂದು ತಿಳಿದ ಕೂಡಲೇ ಮನೆಗೆ ಸುಣ್ಣ ಬಳಿಸಬೇಕು ಎಂದು ನೆನಪು ಮಾಡಿಕೊಳ್ಳುತ್ತಾರೆ. ರಾಯರ ಮನೆಗೆ ಸುಣ್ಣ ಬಳಿದದ್ದನ್ನು ನಾನಂತೂ ಕಂಡಿಲ್ಲ. ಪೆನ್ನು ಕೆಳಗಿಟ್ಟು, “ನಾನು ಟೂರಿಸ್ಟು,” ಎಂದೆ. ಡೋನಲ್ “ಗ್ರ್ಯಾಂಡ್, ಗ್ರ್ಯಾಂಡ್,” ಎಂದು ನಕ್ಕು, ಸಂಜೆಯ ತಾಲೀಮಿಗೆ ತಡಮಾಡಬೇಡಿ ಎಂದ. ಸಂಜೆ ಮತ್ತೆ ಅದೇ ಕೈ ಚಾಚಿ, ಅದೇ ಕಣ್ಣೀರು ಹಾಕಿದ. ಈ ಸಲ ನನ್ನ ಕಣ್ಣು ಒಣಗಿತ್ತು.

ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಹೇಳಿ ಹೊಟ್ಟೆ ಹಗುರ ಮಾಡಿಕೊಳ್ಳೋಣ ಎಂದುಕೊಂಡರೆ ಪ್ರವೀಣ ಚಪಾತಿ ಹರಿಯುತ್ತ ತಲೆ ತಗ್ಗಿಸಿದ.

“ನಾನ್ ಸೈನ್ ಮಾಡ್ಬಿಟ್ಟೆ ದೊಡ್ಡಮ್ಮ.”

“ಯಾಕಪ್ಪಾ?”

“ಅಕ್ಕಪಕ್ಕದೋರೆಲ್ಲ ಮಾಡಿದ್ರು. ಮಾಡ್ದೇ ಇದ್ರೆ ನಾವೂ ಅವರ ಥರಾನೇ ಅಂದ್ಕೊಳ್ತಾರೆ. ನಾವು ಪರ್ಮಿಟ್ ಮೇಲೆ ಬಂದೋರು, ಟ್ಯಾಕ್ಸ್ ಕಟ್ತೀವಿ. ನಮಗೂ ಅವರಿಗೂ ಏನ್ ಸಂಬಂಧ?”

“ಮನೆ ಹುಡುಕುವಾಗ ನಿನ್ನ ಮುಖ ನೋಡಿ ಮನೆಗಳೆಲ್ಲ ಭರ್ತಿಯಾಗ್ತಿತ್ತಲ್ಲ, ಆಗ ನಿನ್ನ ಪರ್ಮಿಟ್ಟು ಎಲ್ಲಿಟ್ಟಿದ್ದೆ?”

ಅವನು ಇನ್ನೊಂದು ಚಪಾತಿ ಎಳೆದುಕೊಂಡ. ರಶ್ಮಿ ಸಾರು ಬಡಿಸುತ್ತ, “ನಾನ್ ಮಾಡಿಲ್ಲ, ಮಾಡಲ್ಲ,” ಎಂದು ಮೆಲ್ಲಗೆ ಹೇಳಿದಳು. ಅವರ ಮಗಳು ಅನ್ವಿ ಇಷ್ಟೂ ಕನ್ನಡವನ್ನು ಕಿವಿಯರಳಿಸಿ ಕೇಳಿ, “ಯು ಆರ್ ಇನ್ ಟ್ರಬಲ್ ನೌ, ಡ್ಯಾಡ್,” ಎಂದು ಕಾರ್ಕ್ ಧಾಟಿಯಲ್ಲಿ ಹಾಡಿದಳು.

ನರ್ಸಿಂಗ್ ಹೋಮ್

ನಾಟಕದ ವಾರ ಸಿಸ್ಟರ್ ಬ್ರೀಡ ನನ್ನ ಮುಸುಕು ಸರಿಮಾಡಲು ಕರೆಸಿಕೊಂಡರು. ನಾನು ಅದನ್ನು ಸೆರಗಿನಂತೆ ಭುಜದ ಮೇಲೆ ಎಳೆದುಕೊಳ್ಳುತ್ತಿದ್ದೆನಂತೆ, ಯಾವ ಸನ್ಯಾಸಿನಿಯೂ ಹಾಗೆ ಎಳೆದುಕೊಳ್ಳುವುದಿಲ್ಲವಂತೆ. ಹೋದರೆ ಅಮಲ್ ಕಿಟಕಿಯ ಬಳಿ ಸುಮ್ಮನೆ ನಿಂತಿದ್ದಳು. ಕಣ್ಣು ಊದಿತ್ತು.

“ಅವಳಿಗೆ ಈ ದೇಶದಲ್ಲಿ ಇರಲು ಅನುಮತಿ ಬಂದಿದೆ,” ಎಂದರು ಸಿಸ್ಟರ್.

“ಮತ್ತೆ ಅಳುವುದೇಕೆ? ಸಿಹಿ ಹಂಚಬೇಕು!”

ಆಗ ವಿಷಯ ತಿಳಿಯಿತು. ಅವಳಿದ್ದದ್ದು ಊರಾಚೆಯ ಆ ಹಾಸ್ಟೆಲಿನಲ್ಲಿ, ಅದು ಅನುಮತಿಗಾಗಿ ಕಾಯುವವರಿಗೆ ಮಾತ್ರವಂತೆ. ಅನುಮತಿ ಸಿಕ್ಕಿತೋ, ಹೊರಗೆ ನಡಿ, ಎಲ್ಲರಂತೆ ಮನೆ ಹುಡುಕಿಕೋ. ಇರಬಹುದು ಎಂದು ಬರೆದುಕೊಟ್ಟ ದಿನವೇ ಇರಲು ಜಾಗ ಹೋಯಿತು. ಮನೆ ಸಿಗದಿದ್ದವರಿಗೆ ದೇಶದ ಇನ್ನೊಂದು ತುದಿಯ ಶಿಬಿರದಲ್ಲಿ ಒಂದು ಹಾಸಿಗೆ. ಶನಿವಾರ ಬೆಳಿಗ್ಗೆ ಬಸ್ಸು. ಬಸ್ಸು ಹತ್ತಿದರೆ ಇಲ್ಲಿನ ಕೆಲಸ ಹೋಯಿತು, ಹತ್ತದಿದ್ದರೆ ಆ ಹಾಸಿಗೆಯೂ ಹೋಯಿತು.

“ನನ್ನ ಹತ್ತಿರ ಒಂದು ಮಂಚ, ನರ್ಸನ್ನು ಕರೆಯಲು ಒಂದು ಗಂಟೆ ಇದೆ, ಅಷ್ಟೇ,” ಎಂದರು ಸಿಸ್ಟರ್. “ಗುಡ್ಡದ ಮೇಲೆ ಅಷ್ಟು ಕೋಣೆಗಳು ಖಾಲಿ ಬಿದ್ದಿವೆ. ನನ್ನ ಆಯುಷ್ಯವೆಲ್ಲ ಅಲ್ಲೇ ಕಳೆಯಿತು, ಈಗ ಬೀಗದ ಕೈ ನನ್ನದಲ್ಲ.” ಮೊದಲ ಸಲ ಅವರ ದನಿ ಮುದುಕಿಯ ದನಿಯಂತೆ ಕೇಳಿತು.

ನನಗೆ ಥಟ್ಟನೆ ಹೊಳೆಯಿತು. ಡೋನಲ್‌ನ ಆಫೀಸು ಬಸ್ ಸ್ಟಾಪಿನ ಎದುರಿಗೇ. ಅದರ ಮಹಡಿಯ ಕೋಣೆಗಳಿಗೆ ಪರದೆಯೂ ಇಲ್ಲ, ಜನವೂ ಇಲ್ಲ. ಅಂದು ಸಂಜೆ, ಗುರುವಾರದ ಕೊನೆಯ ತಾಲೀಮು ಮುಗಿದು, ಆತ ಪಾದ್ರಿಯ ಬಿಳಿ ಕಾಲರ್ ಬಿಚ್ಚುತ್ತಿದ್ದಾಗ ನೇರ ಹೋಗಿ ಕೇಳಿದೆ. “ಡೋನಲ್, ಅಮಲ್‌ಗೆ ನಿಮ್ಮ ಮಹಡಿಯ ಕೋಣೆ ಬಾಡಿಗೆಗೆ ಕೊಡ್ತೀರಾ?”

ಆತ ನನ್ನ ಮುಖ ನೋಡಿದ. ಆಮೇಲೆ ಜೋರಾಗಿ ನಕ್ಕು, ನನ್ನ ಬೆನ್ನು ತಟ್ಟಿ, “ಐ ವಿಲ್, ಯಾ!” ಎಂದ.

ನನ್ನ ಎಕ್ಸ್‌ಚೇಂಜ್ ಕಿವಿಗೆ ಇನ್ನೇನು ಬೇಕು? ಕೊಡುತ್ತೇನೆ ಎಂಬುದೊಂದು, ಹೌದು ಎಂಬುದೊಂದು, ಮೇಲೆ ನಗು. ಎಂಥ ದೊಡ್ಡ ಮನುಷ್ಯ, ಸುಮ್ಮನೆ ಬೈದುಕೊಂಡೆನಲ್ಲ ಎಂದು ಕೆನ್ನೆ ಕೆನ್ನೆ ಬಡಿದುಕೊಂಡೆ. ಓಡಿಹೋಗಿ ಅಮಲ್‌ಗೆ ಹೇಳಿದೆ. ಅವಳು ನನ್ನನ್ನು ತಬ್ಬಿಕೊಂಡಾಗ ಮುಸುಕು, ಪಟ್ಟಿ ಎಲ್ಲ ಕಳಚಿ ಬಿತ್ತು. ಶುಕ್ರವಾರ ಮೊದಲ ಪ್ರದರ್ಶನ ಚೆನ್ನಾಗಿ ಆಯಿತು. ಶನಿವಾರ ಬೆಳಿಗ್ಗೆ ಬಸ್ಸು ಬಂತು. ಅಮಲ್ ಹತ್ತಲಿಲ್ಲ.

ರಶ್ಮಿಯ ಅಡುಗೆಮನೆ

ಶನಿವಾರ ಮಧ್ಯಾಹ್ನ ಬಿಸಿಬೇಳೆಬಾತ್ ಕಲೆಸುತ್ತ ನನ್ನ ಸಾಹಸ ವರ್ಣಿಸಿದೆ. “ನೀವೆಲ್ಲ ಇಷ್ಟು ವರ್ಷದಿಂದ ಇದ್ದು ಏನು ಮಾಡಿದಿರಿ? ನಾನು ಒಂದು ಮಾತು ಕೇಳಿದೆ, ‘ಐ ವಿಲ್, ಯಾ’ ಅಂದ.”

ರಶ್ಮಿಯ ಕೈಯಲ್ಲಿದ್ದ ಸೌಟು ನಿಂತಿತು. “ಹಾಗೇ ಅಂದ್ರಾ? ಕೊನೇಲಿ ಯಾ ಅಂತ ಸೇರ್ಸಿದ್ರಾ?”

“ಹೂಂ. ನಗ್ತಾ ಅಂದ.”

“ಅಯ್ಯೋ ದೊಡ್ಡಮ್ಮ! ಕಾರ್ಕ್‌ನಲ್ಲಿ ‘ಐ ವಿಲ್, ಯಾ’ ಅಂದ್ರೆ ‘ಕೊಡ್ತೀನಿ, ಕಾಯ್ತಾ ಇರು’ ಅಂತ. ಸತ್ರೂ ಕೊಡಲ್ಲ ಅಂತ!”

ಇದೆಂಥ ಭಾಷೆಯಪ್ಪ, ಎರಡು ಹೌದು ಸೇರಿಸಿ ಒಂದು ಇಲ್ಲ ಮಾಡುತ್ತಾರೆ ಎಂದು ಕೂಗಾಡಿದೆ. ಹೋಗುವಾಗ ಬರ್ತೀನಿ ಎನ್ನುವವಳು ಕೂಗಾಡಿ ಏನು ಪ್ರಯೋಜನ? ಬಸ್ಸು ಹೋಗಿತ್ತು. ಹಾಸ್ಟೆಲಿನವರು ಅವಳ ಹಾಸಿಗೆ ಸುತ್ತಿಟ್ಟಿದ್ದರು. ಇವತ್ತು ರಾತ್ರಿ ಅಮಲ್ ತಲೆಯಿಡಲು ಜಾಗವಿಲ್ಲ, ಅದಕ್ಕೆ ನನ್ನ ಕಿವಿಯೇ ಕಾರಣ.

“ಇಲ್ಲಿಗೇ ಕರ್ಕೊಂಡು ಬರ್ಲಾ?” ಎಂದು ಪ್ರವೀಣನನ್ನು ಕೇಳಿದೆ.

“ಲ್ಯಾಂಡ್‌ಲಾರ್ಡ್ ಒಪ್ಪಲ್ಲ ದೊಡ್ಡಮ್ಮ. ಹೊರಗಿನೋರನ್ನ ಇಟ್ಕೋಬಾರ್ದು ಅಂತ ಅಗ್ರಿಮೆಂಟ್‌ನಲ್ಲೇ ಐತೆ.”

“ನಾನು ಹೊರಗಿನೋಳಲ್ವಾ?”

“ನೀವು ಗೆಸ್ಟು. ವಾಪಸ್ ಹೋಗ್ತೀರ.” ಹೇಳಿದ ಮೇಲೆ ಅವನಿಗೇ ಅದು ಕಿವಿಗೆ ಬಿತ್ತೆಂದು ಕಾಣುತ್ತದೆ, ಎದ್ದು ಕಾರು ತೆಗೆದ. ನನ್ನನ್ನು ಹಾಲಿಗೆ ಕರೆದುಕೊಂಡು ಬಂದ.

ಮತ್ತೆ ಪ್ಯಾರಿಷ್ ಹಾಲ್

ಬಣ್ಣದ ಕೋಣೆಯಲ್ಲಿ ಡೋನಲ್ ಕನ್ನಡಿಯ ಮುಂದೆ ಹುಬ್ಬು ತೀಡಿಕೊಳ್ಳುತ್ತಿದ್ದ. ಹೇಳಿದೆ. ಕೈ ಹಿಡಿದುಕೊಂಡೇ, ಆ ಕೋಣೆ ಕೊಟ್ಟುಬಿಡಿ ಎಂದೆ.

“ಅಯ್ಯೋ ವಿಜಯಾ, ಅದು ತಮಾಷೆಗೆ ಅಂದದ್ದು. ಎಲ್ಲರಿಗೂ ಗೊತ್ತು.”

“ಅಮಲ್‌ಗೆ ಗೊತ್ತಿಲ್ಲ. ಬಸ್ಸು ಬಿಟ್ಟಿದ್ದಾಳೆ.”

“ಹಾಗಾದರೆ ಅವಳಿಗೆ ಹೇಳಿಬಿಡಿ,” ಎಂದು ಕಾಲರ್ ಸರಿಮಾಡಿಕೊಂಡ. “ನಾನು ಮೇಜು ಹಾಕಿಕೊಂಡು ಸಹಿ ಕೇಳುವವನು, ನಾನೇ ಅವಳನ್ನು ಮನೆಗೆ ಸೇರಿಸಿಕೊಂಡರೆ ಜನ ಏನೆಂದಾರು?” ಒಳ್ಳೆಯ ಪ್ರಶ್ನೆಯೇ.

ಪರದೆಯ ಮರೆಯಲ್ಲಿ ಅಮಲ್ ನಿಂತಿದ್ದಳು. ಹಿಂದಿನ ದಿನ ನಾಟಕದ ಟ್ರಂಕಿನ ಹಿಡಿ ಕಿತ್ತುಹೋಗಿತ್ತು, ಅದಕ್ಕೆ ತನ್ನದೇ ನೀಲಿ ಸೂಟ್‌ಕೇಸ್ ಹಿಡಿದಿದ್ದಳು. ಅವಳ ಸಂಸಾರವೆಲ್ಲ ಅದರಲ್ಲೇ ಇತ್ತು. “ಖಾಲ್ತಿ, ಆ ಕೋಣೆಗೆ ಬೆಳಗಿನ ಬಿಸಿಲು ಬರುತ್ತಾ?” ಎಂದು ಕೇಳಿದಳು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಪರದೆ ಎದ್ದಿತು.

ಹಾಲು ತುಂಬಿ ತುಳುಕುತ್ತಿತ್ತು. ಡೋನಲ್‌ನ ಕಾಗದಕ್ಕೆ ಸಹಿ ಹಾಕಿದವರೆಲ್ಲ ಮೊದಲ ಸಾಲುಗಳಲ್ಲೇ, ಕೈಯಲ್ಲಿ ಕರವಸ್ತ್ರ ಹಿಡಿದು ಅಳಲು ಸಿದ್ಧವಾಗಿ ಕೂತಿದ್ದರು. ಎರಡನೆಯ ಅಂಕ ಬಂತು. ಬಾಗಿಲು ಬಡಿದ ಸದ್ದು. ನಾನು ತೆರೆದೆ. ಮಹಾಯುದ್ಧದ ಕಾಲದ ಇಟಲಿಗೆ ಅಮಲ್ ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಬಂದಳು. ಹಲಗೆಯ ಮೇಲೆ ಅದು ಗಡಗಡ ಸದ್ದು ಮಾಡಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಫಾದರ್, ಬಾಗಿಲಲ್ಲಿ ಯಾರೋ ಬಂದಿದ್ದಾರೆ,” ಎಂದೆ.

ಡೋನಲ್ ಎರಡೂ ಕೈ ಚಾಚಿದ. ಆ ಗಂಟೆಯಂಥ ಕಂಠ ಮೊಳಗಿತು. “ಒಳಗೆ ಬಾ ತಾಯಿ, ಈ ಬಾಗಿಲು ಯಾರಿಗೂ ಮುಚ್ಚಿದ್ದಿಲ್ಲ. ಜಾಗವಿಲ್ಲದಿದ್ದರೆ ನನ್ನ ಮಂಚವಿದೆ.” ಕಣ್ಣಲ್ಲಿ ನೀರೂ ಬಂತು, ಸಮಯಕ್ಕೆ ಸರಿಯಾಗಿ.

ಇಲ್ಲಿ ನಾನು ಅಮಲ್‌ಳನ್ನು ನೆಲಮಾಳಿಗೆಗೆ ಕರೆದೊಯ್ಯಬೇಕು. ಕಾಲು ಏಳಲಿಲ್ಲ. ಆ ಕಣ್ಣೀರು ಕಂಡು ನನಗೆ ಬಂದ ಸಿಟ್ಟು ಇದೆಯಲ್ಲ, ಅದು ಸಿಸ್ಟರ್ ಅಗಾಥಾಳದ್ದಲ್ಲ, ಒಂಟಿಕೊಪ್ಪಲಿನ ವಿಜಯಳದ್ದು.

“ನಿಮ್ಮ ಮಂಚ ಬೇಡ ಫಾದರ್,” ಎಂದೆ. “ನಿಮ್ಮ ಆಫೀಸಿನ ಮಹಡಿಯ ಮೇಲೆ ಕೋಣೆ ಖಾಲಿ ಇದೆಯಲ್ಲ? ಬಸ್ ಸ್ಟಾಪಿನ ಎದುರಿಗೆ? ಅದನ್ನು ಇವಳಿಗೆ ಕೊಡ್ತೀರಾ?”

ಇಟಲಿಯ ಮಠಕ್ಕೆ ಬಸ್ ಸ್ಟಾಪ್ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಆ ಕೋಣೆ ಯಾವುದೆಂದು ಊರಿಗೆಲ್ಲ ಗೊತ್ತು. ಡೋನಲ್ ನನ್ನನ್ನು ನೋಡಿದ. ಮಾತು ಮರೆತರೆ ಹೇಳಿಕೊಡಲು ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ ಸಿಸ್ಟರ್ ಬ್ರೀಡ ಕಡೆ ತಿರುಗಿದ. ಸಿಸ್ಟರ್ ಪುಸ್ತಕವನ್ನು ಪಟ್ಟೆಂದು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, ಹಿಂದಿನ ಬೆಂಚಿಗೂ ಕೇಳುವ ಮೇಡಮ್ ದನಿಯಲ್ಲಿ, “ಡೋನಲ್, ಸಿಸ್ಟರ್ ಅಗಾಥಾ ನಿನ್ನನ್ನು ಏನೋ ಕೇಳಿದರು,” ಎಂದರು.

ಡೋನಲ್ ಚಾಚಿದ ಕೈ ಇಳಿಸಿದ.

“ಐ ವಿಲ್,” ಎಂದ.

ನಾನು ಕಾದೆ. ಮುಂದಿನ ಸಾಲು ಕಾದಿತು, ಹಿಂದಿನ ಸಾಲು ಕಾದಿತು. ಕಾರ್ಕ್ ಜನ, ಅವರಿಗೆ ಹೇಳಿಕೊಡಬೇಕೇ? ಎಲ್ಲರ ಕಣ್ಣೂ ಆತನ ಬಾಯಿಯ ಮೇಲೇ. ಆತನ ತುಟಿ ಒಮ್ಮೆ ಅದುರಿತು. ‘ಯಾ’ ಬರಲಿಲ್ಲ.

ಬಿತ್ತು ನೋಡಿ ಚಪ್ಪಾಳೆ! ಅದರ ಗದ್ದಲದಲ್ಲಿ ತನ್ನ ಸರದಿ ಬಂತೆಂದು ತಿಳಿದ ಜರ್ಮನ್ ಅಧಿಕಾರಿ ಬಾಗಿಲು ಒದ್ದು ಒಳಗೆ ನುಗ್ಗಿ, ಬಂದೂಕು ಎತ್ತಿ, ಎಲ್ಲರಿಗೂ “ಸಾರಿ” ಎಂದ. ಅಮಲ್‌ಗೆ ಮಾತಿರಲಿಲ್ಲ, ಆದರೂ ಅವಳು ಡೋನಲ್‌ನನ್ನು ನೋಡಿ ಸ್ಪಷ್ಟವಾಗಿ “ಥ್ಯಾಂಕ್ ಯು, ಫಾದರ್” ಎಂದಳು. ನಡೆದದ್ದೆಲ್ಲ ಅವಳಿಗೆ ಅರ್ಥವಾಗಿತ್ತು ಎಂದು ನನಗೆ ಅವಳ ದನಿಯಿಂದಲೇ ತಿಳಿಯಿತು. ಈ ಸಲ ನನ್ನ ಕಿವಿ ತಪ್ಪಲಿಲ್ಲ.

ಒಳಗೆ ಬಂದ ಮೇಲೆ ಡೋನಲ್ ಕೆಂಪಗಾಗಿ, “ನನ್ನನ್ನು ಹೋಲಿ ಶೋ ಮಾಡಿಬಿಟ್ಟಿರಿ!” ಎಂದು ಹಲ್ಲು ಕಡಿದ. ಹೋಲಿ ಎಂದರೆ ಪವಿತ್ರ, ಶೋ ಎಂದರೆ ಪ್ರದರ್ಶನ. ನಾನು ಕೈ ಮುಗಿದು “ಥ್ಯಾಂಕ್ ಯು” ಎಂದೆ. ಊರೆಲ್ಲರ ಮುಂದೆ ಮಾನ ಕಳೆದಿರಿ ಎಂದು ಅದರ ಅರ್ಥ ಎಂಬುದನ್ನು ಆಮೇಲೆ ರಶ್ಮಿ ಹೇಳಿದಳು. ಅಷ್ಟರಲ್ಲಿ ಜನ ಬಂದು ಆತನ ಕೈ ಕುಲುಕಿ, ಎಂಥ ಹೃದಯವಂತ ಎಂದು ಹೊಗಳತೊಡಗಿದರು. ಹೊಗಳಿಕೆ ಕೇಳುತ್ತ ಕೇಳುತ್ತ ಆತನ ಮುಖ ತಿಳಿಯಾಯಿತು. ಕೊನೆಗೆ ಬೀಗದ ಕೈ ತೆಗೆದು, “ಈಸ್ಟರ್ ತನಕ ಮಾತ್ರ,” ಎಂದು ಅಮಲ್ ಕೈಗೆ ಕೊಟ್ಟ.

“ಯಾವ ವರ್ಷದ ಈಸ್ಟರ್ ಅಂತ ನೀನು ಹೇಳಲಿಲ್ಲ, ನಾವು ಕೇಳಲಿಲ್ಲ,” ಎಂದರು ಸಿಸ್ಟರ್ ಬ್ರೀಡ.

ಸೂಟ್‌ಕೇಸನ್ನು ಕಾರಿಗೆ ಹಾಕಿದವನು, ಮಹಡಿಗೆ ಹೊತ್ತವನು ಪ್ರವೀಣ. ಯಾರೂ ಅವನಿಗೆ ಹೇಳಿರಲಿಲ್ಲ.

ಬಸ್ ಸ್ಟಾಪ್

ಊರಿನ ಪತ್ರಿಕೆಯಲ್ಲಿ ಡೋನಲ್‌ನ ಫೋಟೋ ಬಂತು, ಪಾದ್ರಿಯ ವೇಷದಲ್ಲೇ. ಅವನ ಔದಾರ್ಯದ ಬಗ್ಗೆ ಉದ್ದನೆಯ ಬರಹ. ಅದನ್ನು ಕತ್ತರಿಸಿ ಆಫೀಸಿನ ಗಾಜಿಗೆ ಅಂಟಿಸಿದ್ದ. ಅದರ ಪಕ್ಕದಲ್ಲೇ ‘ನಮ್ಮ ಕಾನ್ವೆಂಟ್ ಉಳಿಸಿ’ ಬೋರ್ಡು ಹಾಗೇ ಇತ್ತು. ಎರಡರ ಮೇಲ್ಗಡೆ ಮಹಡಿಯ ಕಿಟಕಿಗೆ ಹಳದಿ ಪರದೆ ಬಂದಿತ್ತು. ಈ ಮೂರನ್ನೂ ಒಟ್ಟಿಗೆ ನೋಡಿ ತಲೆ ತಿರುಗಿದ್ದು ನನಗೊಬ್ಬಳಿಗೇ ಎಂದು ಕಾಣುತ್ತದೆ, ಊರಿನವರು ಆರಾಮವಾಗಿ ಓಡಾಡುತ್ತಿದ್ದರು.

ನಾನು ಹೊರಡುವ ದಿನ ರಶ್ಮಿ ಟಿಕೆಟ್ ತರಲು ಅಂಗಡಿಗೆ ಹೋಗಿದ್ದಾಗ ಡೋನಲ್ ಹೊರಗೆ ಬಂದ. ಕೋಪವೆಲ್ಲ ಇಳಿದಿತ್ತು. ಕೈಯಲ್ಲಿ ಅದೇ ಸಹಿಯ ಕಾಗದ.

“ನಿಮ್ಮ ಮನೆಯಿಂದ ಪ್ರವೀಣ್ ಒಬ್ಬನದೇ ಇದೆ. ರಶ್ಮಿಯೂ ಒಂದು ಸಹಿ ಹಾಕುತ್ತಾಳೆ ತಾನೇ?”

ನಾನು ಮನಸಾರೆ ನಕ್ಕು ಆತನ ಬೆನ್ನು ತಟ್ಟಿದೆ.

“ಶೀ ವಿಲ್, ಯಾ!”

ಆತ ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಮೇಲೆ ಹಳದಿ ಪರದೆ ಸರಿಯಿತು. ಅಮಲ್ ತಲೆ ಹೊರಗೆ ಹಾಕಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು. “ಖಾಲ್ತಿ! ಮತ್ತೆ ಬರ್ತೀಯಾ?”

“ಐ ವಿಲ್!” ಎಂದು ನಾನೂ ಕೂಗಿದೆ. ಬಾಯಿ ತಪ್ಪಿ ಇನ್ನೇನಾದರೂ ಸೇರಿಕೊಂಡೀತು ಎಂದು ತುಟಿ ಬಿಗಿಹಿಡಿದುಕೊಂಡು ಬಸ್ಸು ಹತ್ತಿದೆ.